ತಿರುಗಣಿ, ಕೀಲು, ಬಿಜಾಗರಿ: ಕದದ ಜೋಡಣೆಗೆ ಕನ್ನಡದಲ್ಲಿರುವ ಪದಗಳ ಚರಿತ್ರೆ

ಸಾರಾಂಶ: ಮನೆಯ ಕದವನ್ನು ಚೌಕಟ್ಟಿಗೆ ಸೇರಿಸಿ, ಅದು ತಿರುಗುವಂತೆ ಮಾಡುವ ಸಾಧನಕ್ಕೆ ಕನ್ನಡದಲ್ಲಿ ತಿರುಗಣಿ, ಕೀಲು, ಬಿಜಾಗರಿ, ಹಿಂಜು ಎಂಬ ಪದಗಳು ಬಳಕೆಯಲ್ಲಿವೆ. ಇವನ್ನು ಸಮಾನಾರ್ಥಕಗಳೆಂದು ಒಂದೆಡೆ ಕೊಡುವುದು ರೂಢಿ. ಈ ಪದಗಳು ಒಂದೇ ವಸ್ತುವಿನ ಹಲವು ಹೆಸರುಗಳಲ್ಲ, ಬಾಗಿಲಿನ ರಚನೆಯಲ್ಲಿ ಆದ ಬದಲಾವಣೆಯ ಬೇರೆ ಬೇರೆ ಹಂತಗಳಿಗೆ ಸೇರಿದವು ಎಂದು ನಾವು ಇಲ್ಲಿ ವಾದಿಸುತ್ತೇವೆ. ಪೋರ್ಚುಗೀಸ್ ಮೂಲದ ‘ಬಿಜಾಗರಿ’ ಉತ್ತರ ಕರ್ನಾಟಕದಲ್ಲಿ ನೆಲೆಗೊಳ್ಳಲು ‘ಕೀಲಿ’ ಎಂಬ ಪದದೊಡನೆ ಉಂಟಾದ ರೂಪಸಂಘರ್ಷವೂ ಒಂದು ಕಾರಣವಾಗಿರಬೇಕೆಂಬುದು ನಮ್ಮ ಮುಖ್ಯ ಪ್ರತಿಪಾದನೆ.

1. ಪ್ರಶ್ನೆ

ಪದಗಳ ಚರಿತ್ರೆಯನ್ನು ವಸ್ತುಗಳ ಚರಿತ್ರೆಯಿಂದ ಬೇರ್ಪಡಿಸಿ ಬರೆಯಲಾಗದು ಎಂಬ ಮಾತನ್ನು ಹ್ಯೂಗೊ ಶೂಖಾರ್ಟ್ ಮತ್ತು ರುಡಾಲ್ಫ್ ಮೆರಿಂಗರ್ ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಒತ್ತಿ ಹೇಳಿದರು. ‘ಪದಗಳು ಮತ್ತು ವಸ್ತುಗಳು’ ಎಂಬ ಅರ್ಥದ ಹೆಸರನ್ನು ಹೊತ್ತ ಜರ್ಮನ್ ಪತ್ರಿಕೆ 1909ರಲ್ಲಿ ಹೊರಬಂದದ್ದು ಈ ನಿಲುವಿನ ಫಲವಾಗಿಯೇ. ಭಾರತದಲ್ಲಿ ಅದಕ್ಕೂ ಮೊದಲೇ, 1885ರಲ್ಲಿ, ಗ್ರಿಯರ್ಸನ್ ತಮ್ಮ ‘ಬಿಹಾರ್ ಪೆಸೆಂಟ್ ಲೈಫ್’ ಗ್ರಂಥದಲ್ಲಿ ರೈತರ ಮನೆಯ ಸಲಕರಣೆಗಳ ಹೆಸರುಗಳನ್ನು ಅವುಗಳ ಬಿಡಿಭಾಗಗಳ ಸಮೇತ ದಾಖಲಿಸಿದ್ದರು. ತೆಲುಗಿನಲ್ಲಿ ಭದ್ರಿರಾಜು ಕೃಷ್ಣಮೂರ್ತಿಯವರು ರೂಪಿಸಿದ ಮಾಂಡಲಿಕ ವೃತ್ತಿಪದಕೋಶದ ಮೊದಲ ಸಂಪುಟ, ವ್ಯವಸಾಯವನ್ನು ಕುರಿತದ್ದು, 1962ರಲ್ಲಿ ಪ್ರಕಟವಾಯಿತು. ಪದವನ್ನು ಅದು ಹೆಸರಿಸುವ ಭಾಗದೊಡನೆ ಜೋಡಿಸಿ ನೋಡುವುದು ಈ ಕೃತಿಗಳ ಸಮಾನ ಶಿಸ್ತು.

ಅದೇ ಶಿಸ್ತನ್ನು ನಾವು ಇಲ್ಲಿ ಒಂದು ಚಿಕ್ಕ ವಸ್ತುವಿಗೆ ಅನ್ವಯಿಸುತ್ತೇವೆ. ಬಾಗಿಲಿಗೆ ಸಂಬಂಧಿಸಿದ ಕನ್ನಡ ಪದಸಮೂಹ ಸಮೃದ್ಧವಾದುದು. ‘ಬಾಗಿಲು’ ತೆರಪಿನ ಹೆಸರು. ತಮಿಳಿನ ‘ವಾಯಿಲ್’ನಂತೆ ಇದರಲ್ಲಿಯೂ ‘ಬಾಯಿ’ಯ ಮೂಲಾರ್ಥ ಅಡಗಿದೆ. ‘ಕದ’ ಆ ತೆರಪನ್ನು ಮುಚ್ಚುವ ಹಲಗೆಯ ಹೆಸರು. ತಮಿಳಿನ ‘ಕದವು’ ಇದರ ಸೋದರ. ‘ದಾರವಂದ’ ಸಂಸ್ಕೃತದ ‘ದ್ವಾರಬಂಧ’ದ ತದ್ಭವ. ಹೊಸ್ತಿಲು, ಅಗುಳಿ, ಚಿಲಕ, ಬೀಗ ಇವುಗಳಲ್ಲಿ ಒಂದನ್ನು ಇನ್ನೊಂದರ ಬದಲಿಗೆ ಯಾರೂ ಬಳಸುವುದಿಲ್ಲ. ಇಷ್ಟು ಖಚಿತವಾದ ಪದಸಮೂಹದಲ್ಲಿ ಕದವನ್ನು ತಿರುಗಿಸುವ ಭಾಗಕ್ಕೆ ಮಾತ್ರ ಮೂರು ನಾಲ್ಕು ಹೆಸರುಗಳು ಏಕೆ ಸೇರಿಕೊಂಡವು?

2. ತಿರುಗಣಿ: ಕದದ ಒಳಗೇ ಇದ್ದ ಸಾಧನ

ಹಳೆಯ ಬಾಗಿಲುಗಳಲ್ಲಿ ತಿರುಗಿಸುವ ಸಾಧನ ಬೇರೆ ವಸ್ತುವಾಗಿರಲಿಲ್ಲ. ಕದದ ಒಂದು ಅಂಚಿನ ಮರವನ್ನೇ ಮೇಲೂ ಕೆಳಗೂ ಗೂಟದಂತೆ ಉದ್ದವಾಗಿ ಬಿಟ್ಟು, ಆ ಗೂಟಗಳನ್ನು ಹೊಸ್ತಿಲಿನಲ್ಲೂ ಮೇಲಿನ ಅಡ್ಡಪಟ್ಟಿಯಲ್ಲೂ ಕೊರೆದ ಕುಳಿಗಳಲ್ಲಿ ಕೂರಿಸುತ್ತಿದ್ದರು. ಕರ್ನಾಟಕದ ಹಳೆಯ ಕಲ್ಲಿನ ದೇವಾಲಯಗಳಲ್ಲಿ ಕದ ಮರೆಯಾಗಿದ್ದರೂ ಹೊಸ್ತಿಲಿನ ಎರಡು ತುದಿಗಳಲ್ಲಿ ಆ ದುಂಡು ಕುಳಿಗಳು ಉಳಿದಿರುವುದುಂಟು. ಗೂಟ ಕದದ ಭಾಗ, ಕುಳಿ ಹೊಸ್ತಿಲಿನ ಭಾಗ. ಇವೆರಡರ ಕೂಟದಿಂದ ತಿರುಗುವಿಕೆ ಉಂಟಾಗುತ್ತಿತ್ತೇ ಹೊರತು ಬಿಡಿಯಾಗಿ ಕೊಂಡು ತರಬಹುದಾದ ವಸ್ತು ಅಲ್ಲಿರಲಿಲ್ಲ.

‘ತಿರುಗಣಿ’ ಈ ರಚನೆಗೆ ಹೊಂದುವ ಪದ. ಅದರ ರೂಪವೇ ಕುತೂಹಲಕರ. ‘ತಿರುಗಣಿ’, ‘ತಿರುಗುಣಿ’ ಎಂಬ ಎರಡು ಉಚ್ಚಾರಗಳು ಕನ್ನಡದಲ್ಲಿವೆ, ಮತ್ತು ಈ ರೂಪಗಳನ್ನು ಮೂರು ಬಗೆಯಲ್ಲಿ ಬಿಡಿಸಬಹುದು. ಮೊದಲನೆಯದಾಗಿ, ‘ತಿರುಗು’ ಧಾತುವಿಗೆ ‘-ಅಣೆ’ ಪ್ರತ್ಯಯ ಸೇರಿ ‘ತಿರುಗಣೆ’ ಆಗಿ, ಬಳಿಕ ‘ತಿರುಗಣಿ’ ಆಗಿರಬಹುದು. ಮನ್ನಣೆ, ಸೈರಣೆ, ಕಟ್ಟಣೆ ಮೊದಲಾದವುಗಳಲ್ಲಿ ಇದೇ ಪ್ರತ್ಯಯವಿದೆ. ಎರಡನೆಯದಾಗಿ, ‘ತಿರುಗು’ ಮತ್ತು ಅಚ್ಚಿನ ಮೊಳೆ ಎಂಬರ್ಥದ ‘ಅಣಿ’ ಸೇರಿ ಲೋಪಸಂಧಿಯಿಂದ ‘ತಿರುಗಣಿ’ ಎನ್ನಬಹುದು. ಮೂರನೆಯದಾಗಿ, ‘ತಿರುಪು’, ‘ತಿರುವು’ ಪದಗಳಲ್ಲಿ ಕಾಣುವ ‘ತಿರು’ ಎಂಬ ಧಾತುವಿಗೆ ತಗ್ಗು ಎಂಬರ್ಥದ ‘ಕುಣಿ’ ಸೇರಿ, ‘ಸುಡು’ ಮತ್ತು ‘ಕಾಡು’ ಸೇರಿ ‘ಸುಡುಗಾಡು’ ಆದ ಹಾಗೆ, ಆದೇಶಸಂಧಿಯಿಂದ ‘ತಿರುಗುಣಿ’ ಎನ್ನಬಹುದು.

ನಿರುಕ್ತಿಯ ದೃಷ್ಟಿಯಿಂದ ಮೊದಲನೆಯದೇ ಹೆಚ್ಚು ಸರಳ. ‘ತಿರುಗುಣಿ’ಯಲ್ಲಿನ ಉಕಾರವನ್ನು ಹಿಂದಿನ ಉಕಾರದ ಪ್ರಭಾವದಿಂದಾದ ಸ್ವರಸಮೀಕರಣವೆಂದು ವಿವರಿಸಿದರೆ ಸಾಕು. ಆದರೆ ಉಳಿದ ಎರಡು ವಿಭಜನೆಗಳನ್ನು ನಾವು ಸುಮ್ಮನೆ ಕೈಬಿಡುವುದಿಲ್ಲ. ಒಂದು ವಿಭಜನೆಯಲ್ಲಿ ಪದ ಗೂಟವನ್ನು ಹೆಸರಿಸುತ್ತದೆ, ಇನ್ನೊಂದರಲ್ಲಿ ಕುಳಿಯನ್ನು. ತಿರುಗುವ ಕ್ರಿಯೆಯನ್ನೇ ಮುಖ್ಯವಾಗಿಸಿಕೊಂಡ ಪದವನ್ನು ಕ್ರಿಯೆಯ ಎರಡು ಕೊನೆಗಳಿಗೂ ಸಲ್ಲಿಸಬಹುದು; ನೀರಿನ ಸುಳಿಯನ್ನು ‘ತಿರುಗಣಿ ಮಡು’ ಎನ್ನುವಲ್ಲಿ ಲೋಹವೂ ಇಲ್ಲ, ಮರವೂ ಇಲ್ಲ, ತಿರುಗುವಿಕೆ ಮಾತ್ರ ಇದೆ. ಹೀಗೆ ‘ತಿರುಗಣಿ’ ಒಂದು ವಸ್ತುವಿನ ಹೆಸರಾಗುವ ಮೊದಲು ಒಂದು ಚಲನೆಯ ಹೆಸರು.

ಹಿಂದಿಯ ಪದವ್ಯವಸ್ಥೆ ಇದಕ್ಕೆ ಉಪಯುಕ್ತ ಹೋಲಿಕೆ. ಅಲ್ಲಿ ಗೂಟದ ಕದದ ತುದಿಗೆ ‘ಚೂಲ್’ ಎಂದೂ ಲೋಹದ ಜೋಡುಪಟ್ಟಿಗೆ ‘ಕಬ್ಜಾ’ ಎಂದೂ ಹೆಸರು. ಚೂಲು ಸಡಿಲವಾಯಿತು, ಅಲುಗಿತು ಎಂಬ ನುಡಿಗಟ್ಟುಗಳು ಗೂಟದ ಕದಗಳು ಅಪರೂಪವಾದ ಮೇಲೂ ಹಿಂದಿಯಲ್ಲಿ ಜೀವಂತವಾಗಿವೆ. ಎರಡು ರಚನೆಗಳಿಗೆ ಎರಡು ಪದಗಳೆಂಬ ಈ ವ್ಯವಸ್ಥೆ ಕನ್ನಡಕ್ಕೂ ಸಹಜವಾಗಿತ್ತು ಎಂಬುದನ್ನು ಮುಂದೆ ತೋರಿಸುತ್ತೇವೆ.

3. ಕೀಲು: ಮೊಳೆಯಿಂದ ಸಂದಿಗೆ

‘ಕೀಲು’ ಸಂಸ್ಕೃತದ ‘ಕೀಲ’ದಿಂದ ಬಂದುದು, ಮೂಲಾರ್ಥ ಗೂಟ, ಮೊಳೆ. ಬಂಡಿಯ ಗಾಲಿ ಕಳಚದಂತೆ ತಡೆಯುವ ‘ಕಡೆಗೀಲು’ ಈ ಅರ್ಥವನ್ನು ಉಳಿಸಿಕೊಂಡಿದೆ. ಎರಡು ಭಾಗಗಳನ್ನು ಮೊಳೆ ಹಿಡಿದಿಡುವುದರಿಂದ ಹೆಸರು ಮೊಳೆಯಿಂದ ಜೋಡಣೆಯ ಸ್ಥಾನಕ್ಕೆ ಸರಿಯಿತು. ಮೊಣಕಾಲು, ಮೊಣಕೈಗಳ ಮೂಳೆಗಳು ಸೇರುವ ಎಡೆ ‘ಕೀಲು’ ಆಯಿತು. ಯಂತ್ರದ ಗೊಂಬೆ ‘ಕೀಲುಗೊಂಬೆ’ ಆಯಿತು. ಬಂಡಿಯ ಅಚ್ಚಿಗೆ ಸವರುವ ಜಿಡ್ಡು ‘ಕೀಲೆಣ್ಣೆ’ ಆಯಿತು. ಇಂಗ್ಲಿಷಿನಲ್ಲಿ ದಿಕ್ಕು ತಿರುಗುಮುರುಗು. ಅಲ್ಲಿ ಬೆರಳ ಗೆಣ್ಣಿನ ಹೆಸರಾದ ‘ನಕಲ್’ ಪದವು ಹಿಂಜಿನ ಸುರುಳಿಭಾಗಕ್ಕೆ ಸಲ್ಲುತ್ತದೆ, ಅಂದರೆ ದೇಹದಿಂದ ಬಡಗಿತನಕ್ಕೆ ಪದ ಹೋಗಿದೆ. ಕನ್ನಡದಲ್ಲಿ ಬಡಗಿತನದ ಪದ ದೇಹಕ್ಕೆ ಬಂದಿದೆ.

ಬಾಗಿಲಿನ ಮಟ್ಟಿಗೆ ‘ಕೀಲು’ ಸಾಮಾನ್ಯಪದ. ಎರಡು ಭಾಗಗಳು ಸೇರಿ ಚಲಿಸುವ ಯಾವ ಎಡೆಗೂ ಅದು ಸಲ್ಲುತ್ತದೆ. ಗೂಟದ ಕದಕ್ಕೂ ಸರಿ, ಲೋಹದ ಪಟ್ಟಿಯ ಕದಕ್ಕೂ ಸರಿ. ತಮಿಳಿನಲ್ಲಿ ‘ಕೀಲ್’ ಲೋಹದ ಹಿಂಜಿನ ರೂಢಿಯ ಹೆಸರಾಗಿ ನಿಂತಿದೆ. ಕನ್ನಡದ ದಕ್ಷಿಣ ಭಾಗದಲ್ಲಿಯೂ ಇದು ಅದೇ ಅರ್ಥದಲ್ಲಿ ಅರ್ಥವಾಗುತ್ತದೆ. ಆದರೆ ಉತ್ತರದಲ್ಲಿ ಪರಿಸ್ಥಿತಿ ಬೇರೆ.

4. ಬಿಜಾಗರಿ: ಕಡಲ ದಾರಿಯ ಪದ

ಎರಡು ಲೋಹದ ಪಟ್ಟಿಗಳನ್ನು ಸುರುಳಿಗಳಲ್ಲಿ ಹೆಣೆದು ನಡುವೆ ಕಂಬಿ ತೂರಿಸಿದ ಸಾಧನ ಗೂಟದ ಕದಕ್ಕಿಂತ ಮೂಲತಃ ಭಿನ್ನ. ಅದು ಕದಕ್ಕೂ ಸೇರಿದ್ದಲ್ಲ, ಚೌಕಟ್ಟಿಗೂ ಸೇರಿದ್ದಲ್ಲ. ಎರಡಕ್ಕೂ ಹೊರಗಿನಿಂದ ತಗಲಿಸುವ ಮೂರನೆಯ ವಸ್ತು. ಮಾಡುವವನು ಕಮ್ಮಾರ, ಜೋಡಿಸುವವನು ಬಡಗಿ, ಕೊಳ್ಳುವವನು ಮನೆಯೊಡೆಯ. ಇಂತಹ ವಸ್ತುವಿಗೆ ಪ್ರತ್ಯೇಕ ನಾಮಪದ ಬೇಕಾಗುತ್ತದೆ. ಕನ್ನಡ ನಾಡಿನ ಉತ್ತರ ಮತ್ತು ಕರಾವಳಿ ಭಾಗಗಳಲ್ಲಿ ಆ ನಾಮಪದ ‘ಬಿಜಾಗರಿ’, ಮಾತಿನಲ್ಲಿ ‘ಬಿಜಾಗ್ರಿ’.

ಇದರ ಮೂಲ ಪೋರ್ಚುಗೀಸಿನ ‘ಬಿಸಾಗ್ರ’. ಏಷ್ಯಾದ ಭಾಷೆಗಳಲ್ಲಿನ ಪೋರ್ಚುಗೀಸ್ ಪದಗಳನ್ನು ಕುರಿತು ಗೋವೆಯ ವಿದ್ವಾಂಸ ಸೆಬಾಸ್ಟಿಯಾವ್ ರೊಡಾಲ್ಫೊ ದಾಲ್ಗಾದೊ 1913ರಲ್ಲಿ ಪ್ರಕಟಿಸಿದ ಗ್ರಂಥ ಇಂತಹ ಪದಗಳ ಅಧ್ಯಯನಕ್ಕೆ ಇಂದಿಗೂ ಆಧಾರ. ಧ್ವನಿಬದಲಾವಣೆಗಳು ಮೂರು, ಮೂರೂ ನಿಯಮಬದ್ಧ.

ಒಂದು: ಮೂಲದಲ್ಲಿ ಎರಡು ಸ್ವರಗಳ ನಡುವಿನ ‘ಸ’ಕಾರ ಘೋಷವಾಗಿ ಉಚ್ಚಾರವಾಗುತ್ತದೆ. ಆ ಘೋಷ ಊಷ್ಮಧ್ವನಿಗೆ ಕನ್ನಡ ಸಾಮಾನ್ಯವಾಗಿ ಜಕಾರವನ್ನೇ ಕೊಡುತ್ತದೆ. ಪಾರಸಿ ದಾರಿಯಲ್ಲಿ ಬಂದ ಬಜಾರು, ಅರ್ಜಿ, ಹಾಜರು, ಸಜೆ ಇದಕ್ಕೆ ಸಾಕ್ಷಿ.

ಎರಡು: ಪೋರ್ಚುಗೀಸಿನಲ್ಲಿ ಒತ್ತು ಬೀಳುವ ಸ್ವರ ನಮ್ಮಲ್ಲಿ ದೀರ್ಘವಾಗುತ್ತದೆ. ಪಾದ್ರಿ, ಬಾಲ್ದಿ, ಚಾವಿ, ಬಟಾಟೆ, ಅಲಮಾರು ಈ ಎಲ್ಲವುಗಳಲ್ಲಿ ದೀರ್ಘವಾದುದು ಮೂಲದ ಒತ್ತಿನ ಅಕ್ಷರವೇ. ‘ಬಿಜಾಗರಿ’ಯ ‘ಜಾ’ ಕೂಡ ಹಾಗೆಯೇ. ಒತ್ತಿಗೆ ಅರ್ಥಭೇದಕ ಪಾತ್ರವಿಲ್ಲದ ಭಾಷೆ ಪರಭಾಷೆಯ ಒತ್ತನ್ನು ತನ್ನಲ್ಲಿ ಭೇದಕವಾಗಿರುವ ಮಾತ್ರೆಯಾಗಿ ಕೇಳಿಸಿಕೊಂಡಿದೆ.

ಮೂರು: ‘ಗ್ರ’ ಎಂಬ ಒತ್ತಕ್ಷರ ಬಿಡಿಸಿಕೊಂಡು ‘ಗರ’ ಆಗಿದೆ. ‘ಗ್ರಹ’ ‘ಗರ’ ಆದದ್ದು, ‘ಶ್ರೀ’ ‘ಸಿರಿ’ ಆದದ್ದು ಇದೇ ಪ್ರವೃತ್ತಿಯಿಂದ.

ಕೊನೆಯ ಇಕಾರ ಮಾತ್ರ ವಿಚಾರಾರ್ಹ. ಪಾದ್ರಿ, ಬಾಲ್ದಿ, ಚಾವಿಗಳ ಮೂಲರೂಪಗಳು ಎಕಾರಾಂತ. ಅಲ್ಲಿ ಇಕಾರ ಬರುವುದು ನಿರೀಕ್ಷಿತ. ‘ಬಿಸಾಗ್ರ’ ಅಕಾರಾಂತ. ಮರಾಠಿಯಲ್ಲಿ ನಪುಂಸಕ ರೂಪ ‘ಬಿಜಾಗರೆ’ಯ ಜೊತೆಗೆ ಸ್ತ್ರೀಲಿಂಗ ರೂಪ ‘ಬಿಜಾಗರೀ’ ಕೂಡ ಇರುವುದರಿಂದ, ಉತ್ತರ ಕರ್ನಾಟಕದ ಪದ ನೇರವಾಗಿ ಬಾರದೆ ಮರಾಠಿಯ ಮೂಲಕ ಬಂದಿತೆಂದು ಊಹಿಸಬಹುದು. ಮಲೆಯಾಳದ ‘ವಿಜಾಗಿರಿ’ಯೂ ಇಕಾರಾಂತವೇ ಆಗಿರುವುದರಿಂದ ಅಂತ್ಯಸ್ವರವೊಂದೇ ಇದನ್ನು ನಿರ್ಣಯಿಸಲಾರದು, ಆದರೆ ಬೆಳಗಾವಿ, ಧಾರವಾಡ, ವಿಜಯಪುರ ಪ್ರದೇಶಗಳು ದೀರ್ಘಕಾಲ ಮುಂಬಯಿ ಆಡಳಿತದಲ್ಲಿದ್ದು ಅಲ್ಲಿನ ಕಟ್ಟಡ, ಕಚೇರಿ, ವ್ಯಾಪಾರದ ಪದಗಳು ಹೇರಳವಾಗಿ ಮರಾಠಿಯ ದಾರಿಯಲ್ಲಿ ಬಂದಿರುವುದು ಈ ಊಹೆಯನ್ನು ಬಲಪಡಿಸುತ್ತದೆ. ಕರಾವಳಿಯ ಕಥೆ ಬೇರೆ ಇರಬಹುದು. ಪೋರ್ಚುಗೀಸರು ಗೋವೆಯನ್ನು 1510ರಲ್ಲಿ ಹಿಡಿದರು. 1568–69ರ ಹೊತ್ತಿಗೆ ಮಂಗಳೂರು, ಹೊನ್ನಾವರ, ಬಸರೂರುಗಳಲ್ಲಿ ಅವರ ಕೋಟೆಗಳಿದ್ದವು. ಅಲ್ಲಿಗೆ ಪದ ಬರಲು ಮರಾಠಿಯ ನೆರವು ಅಗತ್ಯವಿರಲಿಲ್ಲ.

ಈ ಪದದ ಹರವು ಗಮನಾರ್ಹ. ಗುಜರಾತಿಯಲ್ಲಿ ಬಕಾರ ಮಕಾರವಾಗಿ ‘ಮಿಜಾಗರು’, ಬಳಿಕ ಮರಾಠಿ, ಕನ್ನಡ, ಮಲೆಯಾಳ: ಇದು ಪಡುವಣ ಕರಾವಳಿಯನ್ನು ಹಿಡಿದು ಸಾಗುವ ಪಟ್ಟಿ. ಹಿಂದಿಯ ‘ಕಬ್ಜಾ’, ತೆಲುಗಿನ ‘ಮಡತಬಂದು’, ತಮಿಳಿನ ‘ಕೀಲ್’ ಈ ಪಟ್ಟಿಯ ಹೊರಗಿವೆ. ಇಂಡೊನೇಷ್ಯದ ಭಾಷೆಯಲ್ಲಿ ಹಿಂಜಿಗೆ ಡಚ್ ಮೂಲದ ‘ಎಂಗ್ಸೆಲ್’ ಎಂಬ ಹೆಸರಿರುವುದನ್ನು ನೆನೆದರೆ, ಈ ಲೋಹದ ವಸ್ತು ಎಲ್ಲಿ ಹಡಗಿನಿಂದ ಇಳಿಯಿತೋ ಅಲ್ಲಿ ಹೆಸರೂ ಅದರೊಂದಿಗೆ ಇಳಿದಂತೆ ತೋರುತ್ತದೆ.

ತೌಲನಿಕ ಅಧ್ಯಯನ ಮಾಡುವವರಿಗೆ ಇಲ್ಲೊಂದು ಎಚ್ಚರಿಕೆ ಇದೆ. ಕನ್ನಡದ ‘ಬಿಜಾಗರಿ’, ಮಲೆಯಾಳದ ‘ವಿಜಾಗಿರಿ’ಗಳನ್ನು ಎದುರುಬದುರು ಇಟ್ಟರೆ ಪದಾದಿಯ ಬಕಾರ, ವಕಾರಗಳ ಹೊಂದಾಣಿಕೆ ದೊರೆಯುತ್ತದೆ. ಬೇರು–ವೇರ್, ಬಿಲ್ಲು–ವಿಲ್ಲ್, ಬಾಗಿಲು–ವಾದಿಲ್ ಈ ಜೋಡಿಗಳಲ್ಲಿ ಕಾಣುವುದೂ ಅದೇ ಹೊಂದಾಣಿಕೆ, ಮೂಲದ್ರಾವಿಡದ ವಕಾರದಿಂದ ಬಂದದ್ದು. ಪೋರ್ಚುಗೀಸ್ ಮೂಲ ತಿಳಿಯದಿದ್ದರೆ ಈ ಎರಡನ್ನೂ ಸೋದರಪದಗಳೆಂದು ಭಾವಿಸಿ ಇಲ್ಲದ ಮೂಲರೂಪವೊಂದನ್ನು ಕಟ್ಟುವ ಅಪಾಯವಿತ್ತು. ವಾಸ್ತವವಾಗಿ ಮಲೆಯಾಳದ ದೇಶ್ಯ ಪದಗಳ ಆದಿಯಲ್ಲಿ ಬಕಾರ ಬಾರದ ಕಾರಣ ಪರಭಾಷೆಯ ಧ್ವನಿ ಸಮೀಪದ ವಕಾರವಾಗಿದೆ. ನಿಯಮಬದ್ಧ ಹೊಂದಾಣಿಕೆ ಎಲ್ಲೆಡೆಯೂ ಸೋದರತ್ವದ ಪುರಾವೆಯಲ್ಲ; ಎರವಲು ಪದವೂ ಅದೇ ಉಡುಪನ್ನು ತೊಡಬಲ್ಲದು.

5. ಉತ್ತರದಲ್ಲಿ ಏಕೆ ನೆಲೆನಿಂತಿತು

ಪದ ಬಂದ ದಾರಿಯನ್ನು ಹೇಳಿದರೆ ಅದು ಉಳಿದ ಕಾರಣವನ್ನು ಹೇಳಿದಂತಾಗುವುದಿಲ್ಲ. ‘ಕೀಲು’ ಎಂಬ ಸಿದ್ಧ ಪದವಿದ್ದಾಗಲೂ ಉತ್ತರದ ಕನ್ನಡ ಪರಪದವನ್ನು ಏಕೆ ಇಟ್ಟುಕೊಂಡಿತು?

ದಕ್ಷಿಣದ ಕನ್ನಡದಲ್ಲಿ ಬಾಗಿಲನ್ನು ಭದ್ರಪಡಿಸುವ ಸಾಧನ ‘ಬೀಗ’, ಅದನ್ನು ತೆರೆಯುವುದು ‘ಬೀಗದ ಕೈ’. ಧಾರವಾಡದ ಕಡೆ ಅವೇ ‘ಕೀಲಿ’ ಮತ್ತು ‘ಕೀಲಿಕೈ’. ಅಂದರೆ ‘ಕೀಲ’ದಿಂದ ಬಂದ ಒಂದು ಪದ ಅಲ್ಲಿ ಕದದ ಒಂದು ಅಂಚಿನಲ್ಲಿ, ಬೀಗದ ಎಡೆಯಲ್ಲಿ, ಆಗಲೇ ಕೂತಿದೆ. ಅದೇ ಕದದ ಇನ್ನೊಂದು ಅಂಚಿನ ಸಾಧನವನ್ನು ‘ಕೀಲು’ ಎಂದರೆ ಏನಾಗುತ್ತದೆ? ಪ್ರಥಮಾ ವಿಭಕ್ತಿಯಲ್ಲಿ ಕೀಲು, ಕೀಲಿ ಎಂಬ ಭೇದವಿದೆ. ಷಷ್ಠಿಯಲ್ಲೂ ಕೀಲಿನ, ಕೀಲಿಯ ಎಂದು ಬೇರೆಯಾಗುತ್ತವೆ. ಚತುರ್ಥಿಯಲ್ಲಿ ಮಾತ್ರ ಎರಡೂ ‘ಕೀಲಿಗೆ’. ಮನೆಯ ಮಾತಿನಲ್ಲಿ ಈ ವಸ್ತುಗಳು ಹೆಚ್ಚಾಗಿ ಬರುವುದು ಚತುರ್ಥಿಯಲ್ಲೇ: ಕದ ಕಿರುಗುಟ್ಟಿದಾಗ ‘ಕೀಲಿಗೆ ಎಣ್ಣೆ ಹಾಕು’ ಎನ್ನಬೇಕು, ಬೀಗ ಬಿಗಿಯಾದಾಗಲೂ ‘ಕೀಲಿಗೆ ಎಣ್ಣೆ ಹಾಕು’ ಎನ್ನಬೇಕು. ಎರಡೂ ಒಂದೇ ಕದದ ಮೇಲಿವೆ, ಎರಡೂ ಲೋಹದವು, ಎರಡಕ್ಕೂ ಅದೇ ಎಣ್ಣೆ. ಸಂದರ್ಭವೂ ಅರ್ಥವನ್ನು ಬೇರ್ಪಡಿಸಿಕೊಡುವುದಿಲ್ಲ.

ಫ್ರಾನ್ಸಿನ ನೈಋತ್ಯ ಭಾಗದಲ್ಲಿ ಧ್ವನಿಬದಲಾವಣೆಯಿಂದ ಹುಂಜ ಮತ್ತು ಬೆಕ್ಕುಗಳ ಹೆಸರುಗಳು ಒಂದೇ ಆದಾಗ ಹುಂಜಕ್ಕೆ ಬೇರೆ ಹೆಸರು ಬಂದದ್ದನ್ನು ಜೂಲ್ ಗಿಲಿಯೆರೋನ್ ಭಾಷಾನಕ್ಷೆಗಳ ನೆರವಿನಿಂದ ತೋರಿಸಿದರು. ಒಂದೇ ಅಂಗಳದಲ್ಲಿ ಓಡಾಡುವ ಎರಡು ಪ್ರಾಣಿಗಳಿಗೆ ಒಂದೇ ಹೆಸರು ಸಲ್ಲದು ಎಂಬುದು ಅಲ್ಲಿನ ತರ್ಕ. ಒಂದೇ ಕದದ ಎರಡು ಅಂಚುಗಳ ವಿಷಯದಲ್ಲಿಯೂ ಅದೇ ತರ್ಕ ಕೆಲಸ ಮಾಡಿರಬೇಕೆಂದು ನಾವು ಪ್ರತಿಪಾದಿಸುತ್ತೇವೆ. ‘ಕೀಲಿ’ ಇರುವೆಡೆ ಹಿಂಜಿಗೆ ‘ಕೀಲು’ ದುರ್ಬಲವಾಗಿ ‘ಬಿಜಾಗರಿ’ ಗಟ್ಟಿಯಾಗಿರಬೇಕು. ‘ಬೀಗ’ ಇರುವೆಡೆ ‘ಕೀಲು’ ಮುಕ್ತವಾಗಿ ಉಳಿದಿರಬೇಕು. ಇದು ಪರೀಕ್ಷಿಸಬಹುದಾದ ಪ್ರತಿಪಾದನೆ. ಎರಡು ಪದಗಳ ಸೀಮಾರೇಖೆಗಳನ್ನು ಒಂದೇ ನಕ್ಷೆಯಲ್ಲಿ ಎಳೆದಾಗ ಅವು ಒಳನಾಡಿನಲ್ಲಿ ಒಂದನ್ನೊಂದು ಅನುಸರಿಸಬೇಕು. ಪದ ನೇರವಾಗಿ ಬಂದ ಕರಾವಳಿಯಲ್ಲಿ ಅನುಸರಿಸಬೇಕಾಗಿಲ್ಲ. ಉಪಭಾಷಾ ಸಮೀಕ್ಷೆ ಕೈಗೊಳ್ಳುವವರು ಹಿಂಜಿನ ಹೆಸರನ್ನು ಕೇಳುವಾಗ ಬೀಗದ ಹೆಸರನ್ನೂ ಜೊತೆಗೇ ಕೇಳಬೇಕೆಂಬುದು ಇದರಿಂದ ಹೊರಡುವ ಸೂಚನೆ.

6. ಆಯ್ಕೆ ಮತ್ತು ಆರೈಕೆಯ ಮಾತು

ರಚನೆ ಬದಲಾದಂತೆ ದೋಷವೂ ಬದಲಾಗುತ್ತದೆ, ದೋಷವನ್ನು ಹೇಳುವ ಮಾತೂ ಬದಲಾಗಬೇಕಾಗುತ್ತದೆ. ಗೂಟದ ಕದದ ಭಾರವೆಲ್ಲ ಕೆಳಗಿನ ಕುಳಿಯ ಮೇಲೆ. ಗೂಟವೋ ಕುಳಿಯೋ ಸವೆದರೆ ಕದ ಇಡಿಯಾಗಿ ತಗ್ಗಿ ಹೊಸ್ತಿಲಿಗೆ ಉಜ್ಜುತ್ತದೆ. ಮದ್ದು ಕುಳಿಯನ್ನು ಎತ್ತರಿಸುವುದು. ಹಿಂಜಿನ ಕದದ ಭಾರ ಪಕ್ಕಕ್ಕೆ ತೂಗುತ್ತದೆ: ಮೇಲಿನ ಹಿಂಜನ್ನು ಕದ ಚೌಕಟ್ಟಿನಿಂದ ಹೊರಗೆ ಎಳೆಯುತ್ತದೆ, ಕೆಳಗಿನದನ್ನು ಒಳಕ್ಕೆ ಒತ್ತುತ್ತದೆ. ಆದ್ದರಿಂದ ಮೊದಲು ಸಡಿಲವಾಗುವುದು ಮೇಲಿನ ಹಿಂಜಿನ ತಿರುಪುಗಳು, ಜೋತುಬೀಳುವುದು ಚಿಲಕದ ಕಡೆಯ ಅಂಚು. ಮೊದಲನೆಯ ಕದ ‘ಕುಸಿದಿದೆ’, ಎರಡನೆಯದು ‘ಜೋತಿದೆ’. ಭಾರವಾದ ಕದಕ್ಕೆ ಎರಡರ ಬದಲು ಮೂರು ಹಿಂಜು ಹಾಕುವುದು, ಉಪ್ಪುಗಾಳಿಯ ಕರಾವಳಿಯಲ್ಲಿ ಕಬ್ಬಿಣದ ಬದಲು ಹಿತ್ತಾಳೆಯನ್ನೋ ತುಕ್ಕುಹಿಡಿಯದ ಉಕ್ಕನ್ನೋ ಆರಿಸುವುದು, ಕಂಬಿಗೆ ಆಗಾಗ ಎಣ್ಣೆ ಬಿಡುವುದು, ಇವೆಲ್ಲ ಹಿಂಜು ಬಿಡಿವಸ್ತುವಾದ ಬಳಿಕ ಹುಟ್ಟಿದ ವಿವೇಕ. ಗೂಟದ ಕದದಲ್ಲಿ ಆರಿಸಬೇಕಾಗಿದ್ದುದು ಮರವನ್ನು ಮಾತ್ರ.

ಎರಕದ ಕಬ್ಬಿಣದ ಹಿಂಜಿಗೆ ಇಂಗ್ಲೆಂಡಿನಲ್ಲಿ ಪೇಟೆಂಟು ದೊರೆತದ್ದು 1775ರಲ್ಲಿ. ಕೈಗಾರಿಕೆಯ ಹಿಂಜು ಅಗ್ಗವಾದಂತೆ ಬಗೆಗಳೂ ಹೆಚ್ಚಿದವು. ಇಂದು ಭಾರತೀಯ ಮಾನಕಗಳಲ್ಲಿ ಉಕ್ಕಿನ ಬಟ್ ಹಿಂಜಿಗೆ ಐಎಸ್ 1341, ಕಬ್ಬಿಣೇತರ ಲೋಹದ ಬಟ್ ಹಿಂಜಿಗೆ ಐಎಸ್ 205, ಟೀ ಮತ್ತು ಪಟ್ಟಿ ಹಿಂಜುಗಳಿಗೆ ಐಎಸ್ 206, ದಪ್ಪ ಗೋಡೆಯಿಂದ ಕದವನ್ನು ಹೊರತಂದು ಪೂರ್ತಿ ಮಡಚಲು ನೆರವಾಗುವ ಪಾರ್ಲಿಮೆಂಟ್ ಹಿಂಜಿಗೆ ಐಎಸ್ 362 ಹೀಗೆ ಪ್ರತ್ಯೇಕ ವಿವರಣೆಗಳಿವೆ. ಬಗೆಯ ಹೆಸರು ಇಂಗ್ಲಿಷಿನದಾದಾಗ ತಲೆಪದವನ್ನೂ ಇಂಗ್ಲಿಷಿನಲ್ಲೇ ಇಟ್ಟುಕೊಳ್ಳುವ ಒಲವು ಸಹಜ. ‘ಹಿಂಜು’ ಬಲಗೊಂಡದ್ದು ಹೀಗೆ. ಜೋಡಿಯಾಗಿ ಮಾರಾಟವಾಗುವ ವಸ್ತುವಾದ್ದರಿಂದ ಬಹುವಚನದ ‘ಹಿಂಜಸ್’ ಅಂಗಡಿಯ ಮಾತಿನಲ್ಲಿ ಏಕವಚನವಾಗಿಯೂ ಕೇಳಬರುತ್ತದೆ. ‘ಒಂದು ಸಾಕ್ಸ್’ ಎನ್ನುವಲ್ಲಿ ಆಗಿರುವುದೂ ಇದೇ.

7. ನಿಘಂಟಿಗೆ ಒಂದು ಮಾತು

ಹಾಗಾದರೆ ನಾಲ್ಕು ಪದಗಳಿಗೆ ನಾಲ್ಕು ನೆಲೆಗಳು. ತಿರುಗಣಿ ಅಚ್ಚಿನ ಸುತ್ತ ತಿರುಗುವಿಕೆಯ ಹೆಸರು, ಗೂಟ ಮತ್ತು ಕುಳಿಯ ರಚನೆಗೆ ಸೇರಿದ್ದು. ಕೀಲು ಚಲಿಸುವ ಯಾವುದೇ ಜೋಡಣೆಯ ಸಾಮಾನ್ಯನಾಮ. ಬಿಜಾಗರಿ ಪಟ್ಟಿ, ಸುರುಳಿ, ಕಂಬಿಗಳುಳ್ಳ ಬಿಡಿವಸ್ತು. ಹಿಂಜು ಅದೇ ವಸ್ತುವಿನ ಕಾರ್ಖಾನೆಯ ಅವತಾರ.

ಈ ಭೇದ ನಾವು ಹೊಸದಾಗಿ ಕಲ್ಪಿಸಿದ್ದಲ್ಲ ಎಂಬುದಕ್ಕೆ ಕನ್ನಡದ ಶಾಲಾ ವಿಜ್ಞಾನದ ಪರಿಭಾಷೆಯೇ ಸಾಕ್ಷಿ. ಅಲ್ಲಿ ಮೂಳೆಗಳ ಸಂದಿಗೆ ಸಾಮಾನ್ಯ ಹೆಸರು ‘ಕೀಲು’. ಒಂದೇ ದಿಕ್ಕಿನಲ್ಲಿ ಮಡಚುವ ಮೊಣಕೈಯದು ‘ಬಿಜಾಗರಿ ಕೀಲು’. ತಲೆಯನ್ನು ಎಡಬಲಕ್ಕೆ ತಿರುಗಿಸುವ ಕತ್ತಿನದು ‘ತಿರುಗಣಿ ಕೀಲು’. ನಿಘಂಟುಗಳು ಸಮಾನಾರ್ಥಕಗಳೆಂದು ಸಾಲಾಗಿ ಇಟ್ಟ ಮೂರು ಪದಗಳನ್ನು ಪಾಠಪುಸ್ತಕ ತನ್ನ ಅಗತ್ಯಕ್ಕಾಗಿ ಬೇರ್ಪಡಿಸಿತು. ಬೇರ್ಪಡಿಸಿದ್ದು ಬಡಗಿಯ ತಿಳಿವಳಿಕೆಗೆ ಒಪ್ಪುವಂತೆಯೇ. ಪೋರ್ಚುಗೀಸ್ ಹಡಗಿನಲ್ಲಿ ಬಂದ ಪದವೊಂದು ಸಂಸ್ಕೃತದ ಪದಕ್ಕೆ ವಿಶೇಷಣವಾಗಿ, ದೇಶ್ಯ ಪದದ ಪಕ್ಕದಲ್ಲಿ ನಿಂತು ಮಕ್ಕಳಿಗೆ ತಮ್ಮ ಮೈಯನ್ನು ಪರಿಚಯಿಸುತ್ತಿದೆ.

ಗೂಟದ ಕದಗಳು ಹಳೆಯ ಮನೆಗಳೊಡನೆ ಕಣ್ಮರೆಯಾಗುತ್ತಿವೆ. ಕುಳಿ ಕಾಣದವರಿಗೆ ‘ತಿರುಗಣಿ’ ಬಿಜಾಗರಿಯ ಹಳೆಯ ಹೆಸರೆಂದೇ ತೋರುವುದು ಸಹಜ, ನಿಘಂಟೂ ಅದನ್ನೇ ಹೇಳಿದರೆ ಆ ಭಾವನೆ ಸ್ಥಿರವಾಗುತ್ತದೆ. ವೃತ್ತಿಪದಗಳನ್ನು ಸಂಗ್ರಹಿಸುವವರು ಪದದ ಜೊತೆಗೆ ಭಾಗದ ರೇಖಾಚಿತ್ರ, ಭಾರ ಬೀಳುವ ಎಡೆ, ಸವೆಯುವ ಎಡೆ, ದುರಸ್ತಿಯ ಕ್ರಿಯಾಪದ ಇಷ್ಟನ್ನೂ ಬರೆದಿಟ್ಟರೆ, ವಸ್ತು ಅಳಿದ ಮೇಲೂ ಅರ್ಥ ಉಳಿಯುತ್ತದೆ. ಹೊಸ್ತಿಲಿನ ಕುಳಿಗಳನ್ನು ತೋರಿಸಿ ಹೆಸರು ಹೇಳಬಲ್ಲ ಬಡಗಿಗಳು ಇರುವಾಗಲೇ ಆ ಕೆಲಸ ಆಗಬೇಕು.